ಪಾಲಕ–ಮಗು ಚಿಕಿತ್ಸೆ ಮತ್ತು ಮಕ್ಕಳ ಮನಶ್ಶಾಸ್ತ್ರಜ್ಞರ ವೃತ್ತಿ

ಮಗುವಿನ ನಡವಳಿಕೆ, ಭಾವನೆ ಅಥವಾ ಬೆಳವಣಿಗೆಯಲ್ಲಿ ತೊಂದರೆ ಕಂಡಾಗ ಮಗುವನ್ನೂ ಅದನ್ನು ಸಾಕುವವರನ್ನೂ ಒಟ್ಟಿಗೆ ಕೂರಿಸಿ, ಅವರ ಆಟ, ಮಾತು, ಮುನಿಸು, ಸಮಾಧಾನಗಳ ಮೂಲಕವೇ ಪರಿಹಾರ ಕಾಣುವ ಮನೋಚಿಕಿತ್ಸಾ ಪದ್ಧತಿಗಳನ್ನು ಒಟ್ಟಾಗಿ ಪಾಲಕ–ಮಗು ಚಿಕಿತ್ಸೆ ಎನ್ನುತ್ತಾರೆ. ವಿಪರೀತ ಹಟ, ರಚ್ಚೆ, ಹೊಡೆಯುವ ಕಚ್ಚುವ ಅಭ್ಯಾಸ, ಅಂಜಿಕೆ, ಆಟಿಸಂ, ಬೌದ್ಧಿಕ ಅಸಾಮರ್ಥ್ಯ, ಮನೆಯೊಳಗಿನ ಹಿಂಸೆಯಿಂದಾದ ಆಘಾತ ಮುಂತಾದವುಗಳಲ್ಲಿ ಇದನ್ನು ಬಳಸುತ್ತಾರೆ. ಇಲ್ಲಿ ಮನಶ್ಶಾಸ್ತ್ರಜ್ಞರು ಮಗುವಿನೊಡನೆ ಕಳೆಯುವ ಹೊತ್ತು ಕಡಿಮೆ. ಅವರ ಹೆಚ್ಚಿನ ಕೆಲಸ ತಾಯಿ, ತಂದೆ, ಅಜ್ಜಿ, ಶಿಕ್ಷಕಿ, ಅಂಗನವಾಡಿ ಕಾರ್ಯಕರ್ತೆ ಮುಂತಾದವರನ್ನು ತಯಾರು ಮಾಡುವುದು. ವಾರಕ್ಕೆ ಒಂದು ಗಂಟೆ ಕ್ಲಿನಿಕ್ಕಿಗೆ ಬರುವ ಮಗು ಉಳಿದ ಹೊತ್ತನ್ನೆಲ್ಲ ಕಳೆಯುವುದು ಇವರ ಜೊತೆಯಲ್ಲಿ. ತರಬೇತಾದ ಚಿಕಿತ್ಸಕರು ತೀರ ಕಡಿಮೆ ಇರುವ ಭಾರತದಂಥ ದೇಶದಲ್ಲಿ ಈ ಕಲಿಸುವ ಕೆಲಸವೇ ಮಕ್ಕಳ ಮನಶ್ಶಾಸ್ತ್ರಜ್ಞರ ವೃತ್ತಿಯ ತಿರುಳಾಗಿ ಬೆಳೆದಿದೆ.

ಹೊರದೇಶಗಳಲ್ಲಿ ಬೆಳೆದ ಬಗೆ

ಮಗುವಿನ ಚಿಕಿತ್ಸೆಯನ್ನು ಹೆತ್ತವರ ಕೈಯಿಂದಲೇ ಮಾಡಿಸುವ ವಿಚಾರ ಹಳೆಯದು. ಸಿಗ್ಮಂಡ್ ಫ್ರಾಯ್ಡ್ 1909ರಲ್ಲಿ ಪ್ರಕಟಿಸಿದ, ಕುದುರೆಗಳಿಗೆ ಹೆದರುತ್ತಿದ್ದ ಐದು ವರ್ಷದ ಹುಡುಗನ ಪ್ರಕರಣದಲ್ಲಿ ಹುಡುಗನೊಡನೆ ಹೆಚ್ಚಾಗಿ ಮಾತಾಡಿದ್ದು ಅವನ ತಂದೆ. ಫ್ರಾಯ್ಡ್ ಮುಖ್ಯವಾಗಿ ತಂದೆಗೆ ದಾರಿ ತೋರಿದರು. ವರ್ಜಿನಿಯಾ ಆಕ್ಸ್‌ಲೈನ್ 1947ರಲ್ಲಿ ಆಟದ ಚಿಕಿತ್ಸೆಗೆ ಒಂದು ಚೌಕಟ್ಟು ಕೊಟ್ಟರು. ಆ ಆಟವನ್ನು ಹೆತ್ತವರಿಗೇ ಕಲಿಸಿದರೆ ಹೇಗೆ ಎಂದು 1964ರಲ್ಲಿ ಬರ್ನಾರ್ಡ್ ಗರ್ನಿ ಬರೆದರು. ಅವರೂ ಪತ್ನಿ ಲೂಯಿಸ್ ಗರ್ನಿಯೂ ಬೆಳೆಸಿದ ಪದ್ಧತಿ ಇಂದಿಗೂ ಬಳಕೆಯಲ್ಲಿದೆ. ಓರೆಗಾನ್ ರಾಜ್ಯದಲ್ಲಿ ಜೆರಾಲ್ಡ್ ಪ್ಯಾಟರ್ಸನ್ ಇನ್ನೊಂದು ಕಡೆಯಿಂದ ಬಂದರು. ಮಗು ಕಿರುಚುತ್ತದೆ, ತಾಯಿ ಬೈಯುತ್ತಾಳೆ, ಮಗು ಇನ್ನೂ ಜೋರಾಗಿ ಕಿರುಚುತ್ತದೆ, ತಾಯಿ ಸೋತು ಕೇಳಿದ್ದನ್ನು ಕೊಟ್ಟುಬಿಡುತ್ತಾಳೆ. ಕಿರುಚಿದರೆ ಸಿಗುತ್ತದೆ ಎಂದು ಮಗುವೂ, ಕೊಟ್ಟರೆ ಸುಮ್ಮನಾಗುತ್ತದೆ ಎಂದು ತಾಯಿಯೂ ಒಟ್ಟಿಗೇ ಕಲಿಯುತ್ತಾರೆ. ಈ ಸುಳಿಯನ್ನು ಪ್ಯಾಟರ್ಸನ್ ಮನೆಮನೆಗಳಲ್ಲಿ ಕೂತು ದಾಖಲಿಸಿದರು.

ಮಿಶಿಗನ್‌ನ ಸೆಲ್ಮಾ ಫ್ರೈಬರ್ಗ್ ಅವರ ದಾರಿ ಬೇರೆ. ಅವರ ತಂಡ ಎಳೆಗೂಸುಗಳಿದ್ದ ಮನೆಗಳಿಗೇ ಹೋಗಿ, ಅಡುಗೆಮನೆಯ ಮೇಜಿನ ಬಳಿ ಕೂತು ಕೆಲಸ ಮಾಡಿತು. ತಾಯಿ ತನ್ನ ಬಾಲ್ಯದಲ್ಲಿ ಅನುಭವಿಸಿದ ಏಟು, ಉಪೇಕ್ಷೆಗಳು ಈಗ ತನ್ನ ಕೂಸಿನ ತೊಟ್ಟಿಲ ಬಳಿ ಹೇಗೆ ಬಂದು ನಿಲ್ಲುತ್ತವೆ ಎಂಬುದನ್ನು 1975ರ ಪ್ರಸಿದ್ಧ ಲೇಖನದಲ್ಲಿ ಅವರು ತೋರಿಸಿದರು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅಲಿಸಿಯಾ ಲೀಬರ್ಮನ್ ಮತ್ತು ಪೆಟ್ರೀಷಿಯಾ ವ್ಯಾನ್ ಹಾರ್ನ್ ಇದನ್ನು ಮುಂದುವರಿಸಿ, ಮನೆಯಲ್ಲಿ ಹಿಂಸೆ ಕಂಡ ಪುಟ್ಟ ಮಕ್ಕಳಿಗೆಂದು ಒಂದು ಚಿಕಿತ್ಸೆಯನ್ನು ರೂಪಿಸಿದರು.

ಒಂದು ಸೆಷನ್ ನಡೆಯುವ ರೀತಿ

ಇಂಥ ಪದ್ಧತಿಗಳಲ್ಲಿ ಹೆಚ್ಚು ಪರೀಕ್ಷೆಗೊಳಗಾದವುಗಳಲ್ಲಿ ಒಂದು ಷೀಲಾ ಐಬರ್ಗ್ 1970ರ ದಶಕದಲ್ಲಿ ಓರೆಗಾನ್‌ನಲ್ಲಿ ಶುರುಮಾಡಿ, ಆಮೇಲೆ ಫ್ಲಾರಿಡಾ ವಿಶ್ವವಿದ್ಯಾಲಯದಲ್ಲಿ ಬೆಳೆಸಿದ ‘ಪೇರೆಂಟ್–ಚೈಲ್ಡ್ ಇಂಟರಾಕ್ಷನ್ ಥೆರಪಿ’, ಅಂದರೆ ಪಿಸಿಐಟಿ. ಎರಡರಿಂದ ಏಳು ವರ್ಷದ ಮಕ್ಕಳಿಗೆ ಇದು ಹೆಚ್ಚು ಹೊಂದುತ್ತದೆ. ಆಟದ ಕೋಣೆಯಲ್ಲಿ ತಾಯಿ ಮಗು ಇಬ್ಬರೇ ಇರುತ್ತಾರೆ. ಒಮ್ಮುಖ ಕನ್ನಡಿಯ ಆಚೆ ಕೂತ ಚಿಕಿತ್ಸಕಿ ತಾಯಿಯ ಕಿವಿಯಲ್ಲಿರುವ ಪುಟ್ಟ ಇಯರ್‌ಫೋನಿಗೆ ಆಗಿಂದಾಗಲೇ ಮಾತು ಕಳಿಸುತ್ತಾರೆ. ಮೊದಲ ಹಂತದಲ್ಲಿ ಮಗುವೇ ಮುಂದಾಳು. ತಾಯಿ ಅದರ ಆಟದ ಹಿಂದೆ ಹೋಗಬೇಕು. ಮಗು ಮಾಡುತ್ತಿರುವುದನ್ನು ಬಾಯಿಬಿಟ್ಟು ವರ್ಣಿಸಬೇಕು, ಅದರ ಮಾತನ್ನು ತಿರುಗಿ ಹೇಳಬೇಕು, ಅದು ಮಾಡಿದ ಹಾಗೆ ಮಾಡಬೇಕು, ಯಾವುದು ಒಳ್ಳೆಯದಾಯಿತು ಎಂದು ಹೆಸರಿಟ್ಟು ಹೊಗಳಬೇಕು. ಪ್ರಶ್ನೆ ಕೇಳುವಂತಿಲ್ಲ, ಅಪ್ಪಣೆ ಕೊಡುವಂತಿಲ್ಲ, ತಪ್ಪು ತೋರಿಸುವಂತಿಲ್ಲ. ಐದು ನಿಮಿಷದಲ್ಲಿ 10 ವರ್ಣನೆ, 10 ಮರುನುಡಿ, 10 ಹೆಸರಿಟ್ಟ ಹೊಗಳಿಕೆ ಬಂದು, ಪ್ರಶ್ನೆ, ಅಪ್ಪಣೆ, ಟೀಕೆ ಎಲ್ಲ ಸೇರಿ ಮೂರಕ್ಕಿಂತ ಕಡಿಮೆಯಾದಾಗ ತಾಯಿ ಮುಂದಿನ ಹಂತಕ್ಕೆ ಹೋಗುತ್ತಾಳೆ. ಆ ಎರಡನೆಯ ಹಂತದಲ್ಲಿ ಸ್ಪಷ್ಟವಾಗಿ ಅಪ್ಪಣೆ ಕೊಡುವುದನ್ನೂ, ಮಗು ಕೇಳದಿದ್ದರೆ ಏಟು ಕೂಗಾಟಗಳಿಲ್ಲದೆ ಅದನ್ನು ನಡೆಸಿಕೊಳ್ಳುವುದನ್ನೂ ಕಲಿಸುತ್ತಾರೆ. ಮನೆಯಲ್ಲಿ ದಿನಕ್ಕೆ ಐದು ನಿಮಿಷದ ಆಟ ಕಡ್ಡಾಯ.

ಓದಲು ಸುಲಭ, ಮಾಡಲು ಕಷ್ಟ. ನಮ್ಮ ಮನೆಗಳಲ್ಲಿ ಮಗುವಿನೊಡನೆ ಆಡುವ ಮಾತು ಮುಕ್ಕಾಲುಪಾಲು ಪ್ರಶ್ನೆಯೇ: ‘ಇದೇನು ಬಣ್ಣ?’, ‘ಹಸು ಹೇಗೆ ಕೂಗುತ್ತೆ?’, ‘ಅಂಕಲ್‌ಗೆ ಎ ಬಿ ಸಿ ಹೇಳು ನೋಡೋಣ’. ಪ್ರಶ್ನೆ ಬಿಡಿ ಎಂದ ಕೂಡಲೇ ಎಷ್ಟೋ ತಾಯಂದಿರು ಮಾತೇ ತೋಚದೆ ಸುಮ್ಮನಾಗುತ್ತಾರೆ. ಹೊಗಳಿಕೆಯ ತೊಡಕು ಇನ್ನೂ ಆಳದ್ದು. ಮಗುವನ್ನು ಮುಖದೆದುರು ಹೊಗಳಿದರೆ ದೃಷ್ಟಿಯಾಗುತ್ತದೆ, ಇಲ್ಲವೆ ತಲೆಗೇರುತ್ತದೆ ಎಂಬ ನಂಬಿಕೆ ಕನ್ನಡದ ಮನೆಗಳಲ್ಲಿ ಗಟ್ಟಿಯಾಗಿದೆ. ಹೊಗಳುವುದಾದರೂ ‘ಜಾಣ’ ಎಂಬ ಒಂದು ಮಾತಿನಲ್ಲಿ ಮುಗಿಯುತ್ತದೆ. ‘ಚೆಂಡನ್ನು ನೀನೇ ಬುಟ್ಟಿಗೆ ಹಾಕಿದೆಯಲ್ಲ, ನನಗೆ ಬಹಳ ಖುಷಿಯಾಯ್ತು’ ಎಂದು ಬಿಡಿಸಿ ಹೇಳುವುದು ಮೊದಲ ದಿನಗಳಲ್ಲಿ ನಾಟಕದ ಮಾತಿನಂತೆ ಬಾಯಲ್ಲಿ ತೊಡರುತ್ತದೆ. ಅನುಭವಿ ತರಬೇತುದಾರರು ಇದನ್ನು ಮೂಢನಂಬಿಕೆಯೆಂದು ತಳ್ಳಿಹಾಕುವುದಿಲ್ಲ. ಮಗುವಿನ ರೂಪ, ಬುದ್ಧಿಗಳನ್ನು ಹೊಗಳುವುದು ಬೇಡ, ಅದು ಮಾಡಿದ ಕೆಲಸವನ್ನಷ್ಟೇ ಹೇಳಿ ಎಂದರೆ ಅಜ್ಜಿಯೂ ಒಪ್ಪುತ್ತಾರೆ, ಪದ್ಧತಿಯ ಉದ್ದೇಶವೂ ಈಡೇರುತ್ತದೆ.

ಹೆತ್ತವರಿಗೆ ಕಲಿಸುವುದರಿಂದ ಏನಾಗುತ್ತದೆ ಎಂಬುದಕ್ಕೆ ಮಾರ್ಕ್ ಚಾಫಿನ್ ತಂಡ 2004ರಲ್ಲಿ ಪ್ರಕಟಿಸಿದ ಪ್ರಯೋಗ ಕಣ್ಣು ತೆರೆಸುವಂಥದು. ಮಕ್ಕಳಿಗೆ ಹೊಡೆದು ಅಧಿಕಾರಿಗಳ ಕಣ್ಣಿಗೆ ಬಿದ್ದಿದ್ದ ತಂದೆತಾಯಂದಿರಲ್ಲಿ ಪಿಸಿಐಟಿ ಪಡೆದ ಗುಂಪಿನ ಶೇ. 19ರಷ್ಟು ಮಂದಿಯ ಮೇಲೆ ಮತ್ತೆ ಹೊಡೆದ ದೂರು ಬಂತು. ಮಾಮೂಲಿ ಪಾಲಕರ ತರಗತಿಗೆ ಹೋದವರಲ್ಲಿ ಅದು ಶೇ. 49.  ಒಂದು ಕಡೆ ಉಪನ್ಯಾಸ, ಇನ್ನೊಂದು ಕಡೆ ಮಗುವನ್ನು ಎದುರಿಗಿಟ್ಟುಕೊಂಡು ಕಿವಿಯಲ್ಲಿ ಹೇಳಿಕೊಡುವ ಅಭ್ಯಾಸ.

ಭಾರತದಲ್ಲಿ

ಭಾರತದಲ್ಲಿ ಈ ಕ್ಷೇತ್ರದ ಚರಿತ್ರೆ ಮುಂಬಯಿಯಲ್ಲಿ ಶುರುವಾಗುತ್ತದೆ. ಅಮೆರಿಕದಿಂದ ಬಂದ ಪಾದ್ರಿ ಕ್ಲಿಫರ್ಡ್ ಮ್ಯಾನ್‌ಶಾರ್ಟ್ ಅವರ ಮುಂದಾಳುತನದಲ್ಲಿ 1936ರಲ್ಲಿ ನಾಗ್‌ಪಾಡಾದಲ್ಲಿ ಸರ್ ದೊರಾಬ್ಜಿ ಟಾಟಾ ಸಮಾಜಕಾರ್ಯ ಶಾಲೆ, ಇಂದಿನ ಟಾಟಾ ಸಮಾಜವಿಜ್ಞಾನ ಸಂಸ್ಥೆ, ಆರಂಭವಾಯಿತು. ಮರುವರ್ಷವೇ, 1937ರಲ್ಲಿ, ಅದು ದೇಶದ ಮೊದಲ ಚೈಲ್ಡ್ ಗೈಡೆನ್ಸ್ ಕ್ಲಿನಿಕ್ ತೆರೆಯಿತು. ಸಮಾಜಕಾರ್ಯದ ವಿದ್ಯಾರ್ಥಿಗಳ ಕಲಿಕೆ ಮತ್ತು ಮಗುವಿನ ಚಿಕಿತ್ಸೆ ಒಂದೇ ಸೂರಿನಡಿ ನಡೆದದ್ದು ಗಮನಿಸಬೇಕಾದ ಸಂಗತಿ. ಈ ಕ್ಷೇತ್ರ ಇಲ್ಲಿ ಹುಟ್ಟಿದ್ದೇ ತರಬೇತಿಯ ಜೊತೆಯಲ್ಲಿ.

ಕನ್ನಡ ನಾಡಿನಲ್ಲಿ ಬುನಾದಿ ಹಾಕಿದ್ದು ಮೈಸೂರು. ಲಂಡನ್ನಿನಲ್ಲಿ ಮನಶ್ಶಾಸ್ತ್ರಜ್ಞ ಸ್ಪಿಯರ್‌ಮನ್ ಬಳಿ ಕಲಿತು ಬಂದ ಎಂ. ವಿ. ಗೋಪಾಲಸ್ವಾಮಿ 1924ರಲ್ಲಿ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ವಿಭಾಗ ಕಟ್ಟಿದರು. ‘ಆಕಾಶವಾಣಿ’ಯ ಸ್ಥಾಪಕರೆಂದು ನಾವು ನೆನೆಯುವ ಗೋಪಾಲಸ್ವಾಮಿ ಇವರೇ. ಬೆಂಗಳೂರಿನಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಎಂ. ವಿ. ಗೋವಿಂದಸ್ವಾಮಿ ಅವರ ನಿರ್ದೇಶನದಲ್ಲಿ ಹುಟ್ಟಿ, ಮರುವರ್ಷ ಕ್ಲಿನಿಕಲ್ ಸೈಕಾಲಜಿ ತರಬೇತಿ ಶುರುಮಾಡಿತು. ಭಾರತೀಯ ಶಾಸ್ತ್ರಗಳ ವಿದ್ವಾಂಸರೆಂದು ಕನ್ನಡಿಗರಿಗೆ ಪರಿಚಿತರಾದ ಸಾ. ಕೃ. ರಾಮಚಂದ್ರರಾವ್ ಆ ವಿಭಾಗದ ಮುಖ್ಯಸ್ಥರಾಗಿದ್ದರು. 1974ರಲ್ಲಿ ಸಂಸ್ಥೆ ನಿಮ್ಹಾನ್ಸ್ ಆಯಿತು.

ಒಬ್ಬ ಮಕ್ಕಳ ಮನಶ್ಶಾಸ್ತ್ರಜ್ಞೆಯ ವೃತ್ತಿ ಎಷ್ಟು ಹರಹು ಪಡೆಯಬಹುದು ಎಂಬುದಕ್ಕೆ ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕಿಯಾಗಿ, ವಿಭಾಗದ ಮುಖ್ಯಸ್ಥೆಯಾಗಿ ದುಡಿದ ಮಾಲವಿಕಾ ಕಪೂರ್ ಅವರನ್ನು ನೋಡಬೇಕು. ಕ್ಲಿನಿಕ್ಕಿಗೆ ಬರುವ ಮಕ್ಕಳು ಕೆಲವೇ, ಶಾಲೆಯಲ್ಲಿ ಕಷ್ಟಪಡುವವರು ಬಹಳ ಎಂಬುದನ್ನು ಅರಿತು, ಅವರು ಸಹೋದ್ಯೋಗಿಗಳೊಡನೆ ಬೆಂಗಳೂರಿನ ಶಿಕ್ಷಕರಿಗೆ ಮಕ್ಕಳ ಭಾವನಾತ್ಮಕ ತೊಂದರೆಗಳ ಬಗ್ಗೆ ತರಬೇತಿ ನಡೆಸಿದರು. ಅದರಿಂದ ಶಿಕ್ಷಕರಲ್ಲಿ ಏನು ಬದಲಾಯಿತು ಎಂದು ಅಳೆದು 1980ರಷ್ಟು ಹಿಂದೆಯೇ ಪ್ರಕಟಿಸಿದರು. ಭಾರತೀಯ ಮಕ್ಕಳ ಮನಸ್ವಾಸ್ಥ್ಯದ ಬಗ್ಗೆ 1995ರಲ್ಲಿ, ಶಾಲೆಗಳಲ್ಲಿನ ಮನಸ್ವಾಸ್ಥ್ಯದ ಬಗ್ಗೆ 1997ರಲ್ಲಿ ಅವರ ಪುಸ್ತಕಗಳು ಬಂದವು. ಆಮೇಲೆ ಅವರು ಆಯುರ್ವೇದದ ಮಕ್ಕಳ ವೈದ್ಯ ಶಾಖೆಯಾದ ಕೌಮಾರಭೃತ್ಯದತ್ತ ತಿರುಗಿ, ದೇಶೀ ವೈದ್ಯ ಪದ್ಧತಿಗಳಲ್ಲಿನ ಮಗುವಿನ ಪಾಲನೆಯನ್ನು ಬೆಳವಣಿಗೆಯ ಮನಶ್ಶಾಸ್ತ್ರದ ಕಣ್ಣಿನಿಂದ ಓದಿ 2016ರಲ್ಲಿ ಇನ್ನೊಂದು ಗ್ರಂಥ ಪ್ರಕಟಿಸಿದರು. ಚಿಕಿತ್ಸೆ, ಬೋಧನೆ, ಅಳತೆಗೋಲು ತಯಾರಿ, ಪರಂಪರೆಯ ಅಧ್ಯಯನ ಇವೆಲ್ಲ ಒಬ್ಬರ ಬಾಳಿನಲ್ಲಿ ಕೂಡಿಬಂದದ್ದು ಅಪರೂಪ.

ಅದೇ ನಿಮ್ಹಾನ್ಸ್‌ನ ಶೋಭಾ ಶ್ರೀನಾಥ್ ಮತ್ತು ಸಹೋದ್ಯೋಗಿಗಳು ಬೆಂಗಳೂರಿನ ಮಧ್ಯಮ ವರ್ಗದ ಬಡಾವಣೆ, ಕೊಳೆಗೇರಿ, ಸುತ್ತಲಿನ ಹಳ್ಳಿಗಳಲ್ಲಿ 2,064 ಮಕ್ಕಳನ್ನು ಪರೀಕ್ಷಿಸಿ 2005ರಲ್ಲಿ ವರದಿ ಕೊಟ್ಟರು. ಹದಿನಾರರವರೆಗಿನ ವಯಸ್ಸಿನವರಲ್ಲಿ ಶೇ. 12.5 ಮಕ್ಕಳಿಗೆ ಮಾನಸಿಕ ತೊಂದರೆ ಇತ್ತು. ಎಂಟರಲ್ಲಿ ಒಂದು ಮಗು. ಅಷ್ಟು ಮಕ್ಕಳನ್ನು ತಜ್ಞರೇ ಒಬ್ಬೊಬ್ಬರಾಗಿ ನೋಡುವುದು ಆಗದ ಮಾತು.

ಕುಟುಂಬವನ್ನು ಆಸ್ಪತ್ರೆಯೊಳಗೆ ಕರೆದುಕೊಳ್ಳುವುದರಲ್ಲಿ ಭಾರತ ಯಾರಿಂದಲೂ ಕಡ ತರಬೇಕಾಗಿರಲಿಲ್ಲ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಆವರಣದಲ್ಲೇ ಡೇರೆ ಹಾಕಿಸಿ ರೋಗಿಗಳ ಮನೆಯವರನ್ನು ಜೊತೆಗೆ ಇರಿಸಿಕೊಂಡರು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಪಾಲ್ ರಸೆಲ್ ತಂಡ ಬೌದ್ಧಿಕ ಅಸಾಮರ್ಥ್ಯವಿರುವ ಮಕ್ಕಳ ಹೆತ್ತವರಿಗೆ ಗುಂಪು ತರಬೇತಿ ಕೊಟ್ಟು, ಅವರ ಮನೋಭಾವ ಸುಧಾರಿಸಿದ್ದನ್ನು 1999ರ ಯಾದೃಚ್ಛಿಕ ಪ್ರಯೋಗದಲ್ಲಿ ತೋರಿಸಿತು. ದೆಹಲಿಯಲ್ಲಿ ಸ್ವತಃ ಆಟಿಸಂ ಇರುವ ಮಗನ ತಾಯಿಯಾದ ಮೇರಿ ಬರುವಾ ಕಟ್ಟಿದ ಆ್ಯಕ್ಷನ್ ಫಾರ್ ಆಟಿಸಂ ಸಂಸ್ಥೆಯಲ್ಲಿ ತಾಯಿ ಇಲ್ಲವೆ ತಂದೆ ಮಗುವಿನ ಜೊತೆ ವಾರಗಟ್ಟಲೆ ತರಗತಿಯಲ್ಲೇ ಕೂತು ಕಲಿಯುತ್ತಾರೆ.

ಗೋವಾದ ಸಂಗಾತ್ ಸಂಸ್ಥೆ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯ ತಂಡ ಸೇರಿ ಮಾಡಿದ ‘ಪಾಸ್’ ಪ್ರಯೋಗ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಬ್ರಿಟನ್ನಿನಲ್ಲಿ ತಜ್ಞರು ನಡೆಸುತ್ತಿದ್ದ ಆಟಿಸಂ ಚಿಕಿತ್ಸೆಯನ್ನು ಇಲ್ಲಿ ತಜ್ಞರಲ್ಲದ ಕಾರ್ಯಕರ್ತರು ಮನೆಗೆ ಹೋಗಿ ಹೆತ್ತವರಿಗೆ ಕಲಿಸಿದರು. ತಾಯಿ ಮಗು ಆಡುವುದನ್ನು ವಿಡಿಯೋ ಮಾಡಿ, ಅದನ್ನೇ ತಾಯಿಗೆ ತೋರಿಸಿ, ಮಗು ಕಣ್ಣೆತ್ತಿ ನೋಡಿದ ಆ ಒಂದು ಕ್ಷಣದಲ್ಲಿ ಪರದೆಯನ್ನು ನಿಲ್ಲಿಸಿ ‘ಇಲ್ಲಿ ನೀವೇನು ಮಾಡಿದಿರಿ?’ ಎಂದು ಕೇಳುವುದು ಇದರ ಕ್ರಮ. 65 ಮಕ್ಕಳ ಈ ಪ್ರಯೋಗದ ಫಲ 2016ರಲ್ಲಿ ಪ್ರಕಟವಾಯಿತು. ಹೆತ್ತವರು ಮಗುವಿನ ಲಯಕ್ಕೆ ಹೊಂದಿಕೊಂಡು ಪ್ರತಿಕ್ರಿಯಿಸುವುದು ಹೆಚ್ಚಿತು, ಮಗು ತಾನಾಗಿ ಸಂವಹನಕ್ಕೆ ತೊಡಗುವುದು ಹೆಚ್ಚಿತು. ಆದರೆ ಇಬ್ಬರ ಗಮನವೂ ಒಂದೇ ವಸ್ತುವಿನ ಮೇಲೆ ನೆಡುವ ಹೊತ್ತು ಮಾತ್ರ ಕಡಿಮೆಯಾಗಿತ್ತು. ಅದನ್ನೂ ಮುಚ್ಚಿಡದೆ ಬರೆದದ್ದು ಆ ತಂಡದ ಪ್ರಾಮಾಣಿಕತೆ.

ಅಳತೆಗೋಲುಗಳು

ಸಂಶೋಧನೆಗೆ ನಮ್ಮ ಮಕ್ಕಳಿಗೆ ಒಗ್ಗುವ ಪರೀಕ್ಷೆಗಳು ಬೇಕು. ಇದರಲ್ಲಿ ಕನ್ನಡ–ಮರಾಠಿ ಗಡಿನಾಡಿನ ಕೊಡುಗೆ ದೊಡ್ಡದು. ವಿ. ವಿ. ಕಾಮತ್ ಧಾರವಾಡದಲ್ಲಿ ಬಿನೆ ಬುದ್ಧಿಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗೆಂದು 1930ರ ದಶಕದಲ್ಲೇ ಹೊಂದಿಸಿದರು. ‘ಬಿನೆ–ಕಾಮತ್ ಪರೀಕ್ಷೆ’ ಇಂದಿಗೂ ಬಳಕೆಯಲ್ಲಿದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಜೆ. ಭರತ್ ರಾಜ್ ರೂಪಿಸಿದ ಬೆಳವಣಿಗೆ ತಪಾಸಣೆ ಪರೀಕ್ಷೆಯನ್ನು ದೇಶದಾದ್ಯಂತ ಬಳಸುತ್ತಾರೆ. ಮಗುವನ್ನು ಅಳೆಯಲು ಇಷ್ಟಿದ್ದರೂ, ತಾಯಿ ಮಗುವಿನ ಒಡನಾಟವನ್ನು ಕನ್ನಡದಲ್ಲಿ ಅಳೆಯುವ ಕೆಲಸ ಇನ್ನೂ ಎಳೆಯದು. ಇಲ್ಲಿ ಯುವ ಸಂಶೋಧಕರಿಗೆ ಬಹಳ ಜಾಗವಿದೆ.

ತರಬೇತಿ

ಮನಶ್ಶಾಸ್ತ್ರದ ಎಂ.ಎ. ಅಥವಾ ಎಂ.ಎಸ್‌ಸಿ. ಆದಮೇಲೆ ಎರಡು ವರ್ಷದ ಪೂರ್ಣಾವಧಿ ಎಂ.ಫಿಲ್., ನಂತರ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ: ಕ್ಲಿನಿಕಲ್ ಸೈಕಾಲಜಿಸ್ಟ್ ಆಗುವ ರೂಢಿಯ ದಾರಿ ಇದು. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್, ಮಣಿಪಾಲ ಇದಕ್ಕೆ ಹೆಸರಾದ ಕೇಂದ್ರಗಳು. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2022ರಲ್ಲಿ ಎಂ.ಫಿಲ್. ಪದವಿಯನ್ನೇ ಕೈಬಿಟ್ಟಿದ್ದರಿಂದ ಈ ದಾರಿ ಈಗ ಬದಲಾಗುತ್ತಿದೆ.

ಪಾಲಕ–ಮಗು ಚಿಕಿತ್ಸೆಯ ಕಲಿಕೆ ಇದಾದ ಮೇಲಿನದು. ಪಿಸಿಐಟಿಯ ಅಂತರರಾಷ್ಟ್ರೀಯ ಪ್ರಮಾಣಪತ್ರಕ್ಕೆ ಕನಿಷ್ಠ 40 ಗಂಟೆಗಳ ತರಬೇತಿ ಬೇಕು, ಮೇಲ್ವಿಚಾರಣೆಯಲ್ಲಿ ಎರಡು ಕುಟುಂಬಗಳ ಚಿಕಿತ್ಸೆಯನ್ನು ಕೊನೆಮುಟ್ಟಿಸಬೇಕು. ಈ ಎರಡನೆಯದೇ ನಿಜವಾದ ಪರೀಕ್ಷೆ. ಶಿಷ್ಯೆ ತನ್ನ ಸೆಷನ್ನಿನ ವಿಡಿಯೋ ತಂದು ಗುರುವಿನ ಎದುರು ಹಾಕುತ್ತಾಳೆ. ತಾಯಿಯ ಮಾತುಗಳನ್ನು ಒಂದೊಂದಾಗಿ ವಿಂಗಡಿಸಿ ಗುರುತು ಹಾಕುವುದನ್ನು ಇಬ್ಬರೂ ಬೇರೆಬೇರೆಯಾಗಿ ಮಾಡಿ ತಾಳೆ ನೋಡುತ್ತಾರೆ. ಹೊಸಬರಲ್ಲಿ ಸಾಮಾನ್ಯವಾಗಿ ಕಾಣುವ ತಪ್ಪು ಒಂದೇ: ತಾಯಿ ತಡವರಿಸಿದ ಕೂಡಲೇ ತಾವೇ ಕೋಣೆಯೊಳಗೆ ನುಗ್ಗಿ ಮಗುವನ್ನು ಸಮಾಧಾನಪಡಿಸುವುದು. ಮಗು ಸುಮ್ಮನಾಗುತ್ತದೆ, ತಾಯಿ ಮಾತ್ರ ತನ್ನ ಕೈಲಾಗದು ಎಂದು ಕಲಿತು ಮನೆಗೆ ಹೋಗುತ್ತಾಳೆ. ಕೈಕಟ್ಟಿ ಕೂತು ತಾಯಿಗೇ ಗೆಲ್ಲಲು ಬಿಡುವುದನ್ನು ಪುಸ್ತಕದಿಂದ ಕಲಿಯಲಾಗದು, ಅದಕ್ಕೇ ಈ ಕ್ಷೇತ್ರದಲ್ಲಿ ಒಳ್ಳೆಯ ಮೇಲ್ವಿಚಾರಕರಿಗೆ ಸಂಶೋಧಕರಷ್ಟೇ ಬೆಲೆ.

ವಿಠ್ಠಲವಾಡಿ, ಕಲ್ಯಾಣ, ಡೊಂಬಿವಲಿ, ಠಾಣೆ

ಈ ಚಿಕಿತ್ಸೆ ನಮ್ಮ ಮನೆಗಳಲ್ಲಿ ಹೇಗೆ ನಡೆಯಬೇಕು ಎಂಬುದಕ್ಕೆ ಮುಂಬಯಿಯ ಹೊರವಲಯದ ಒಂದು ಪ್ರದೇಶವನ್ನು ನೋಡೋಣ. ಕಲ್ಯಾಣದಲ್ಲಿ ಮಧ್ಯ ರೈಲ್ವೆಯ ಹಳಿ ಕವಲೊಡೆದ ಮೇಲೆ ಕರ್ಜತ್ ದಿಕ್ಕಿನ ಮೊದಲ ನಿಲ್ದಾಣ ವಿಠ್ಠಲವಾಡಿ. ಒಂದು ಕಡೆ ಕಲ್ಯಾಣ ಪೂರ್ವ, ಇನ್ನೊಂದು ಕಡೆ ಉಲ್ಲಾಸನಗರ. ಎರಡನೆಯ ಮಹಾಯುದ್ಧದ ಸೈನಿಕ ಶಿಬಿರದಲ್ಲಿ ದೇಶವಿಭಜನೆಯ ನಂತರ ಸಿಂಧಿ ನಿರಾಶ್ರಿತರು ನೆಲೆ ನಿಂತು ಉಲ್ಲಾಸನಗರವಾಯಿತು. ವಿಠ್ಠಲವಾಡಿಯಿಂದ ಠಾಣೆಯವರೆಗಿನ ಈ ಪ್ರದೇಶದಲ್ಲಿ ಮರಾಠಿ, ಸಿಂಧಿ, ಹಿಂದಿಗಳ ನಡುವೆ ಕನ್ನಡ, ತುಳು, ಕೊಂಕಣಿ ಮಾತಾಡುವ ಕುಟುಂಬಗಳೂ ಇವೆ. ಡೊಂಬಿವಲಿಯ ಕರ್ನಾಟಕ ಸಂಘ ಮತ್ತು ಅದರ ಮಂಜುನಾಥ ವಿದ್ಯಾಲಯ ಅವರ ದೊಡ್ಡ ಆಸರೆ.

ಚಿಕಿತ್ಸೆಯ ಪಠ್ಯಪುಸ್ತಕಗಳು ಬರೆಯುವ ಮನೆ ಇಲ್ಲಿಲ್ಲ. ಮುಂಬಯಿಯ ಕಚೇರಿಗೆ ಲೋಕಲ್‌ನಲ್ಲಿ ಹೋಗಲು ಒಂದು ಗಂಟೆಗೂ ಮಿಕ್ಕಿ ಬೇಕು, ಬರಲು ಅಷ್ಟೇ. ತಂದೆ ಹೊರಡುವಾಗ ಮಗು ಎದ್ದಿರುವುದಿಲ್ಲ, ಬರುವಾಗ ಮಲಗಿರುತ್ತದೆ. ತಾಯಿಯೂ ದುಡಿದರೆ ಮಗು ಪಾಳಣಾಘರ ಎನ್ನುವ ಶಿಶುಪಾಲನಾ ಕೇಂದ್ರದಲ್ಲಿ ಇಲ್ಲವೆ ಊರಿಂದ ಬಂದ ಅಜ್ಜಿಯ ಬಳಿ. ಹೀಗಿರುವಾಗ ‘ಪಾಲಕ’ ಯಾರು ಎಂಬುದನ್ನು ಮೊದಲ ಭೇಟಿಯಲ್ಲೇ ಕೇಳಿ ತಿಳಿಯಬೇಕು. ಅಜ್ಜಿಯನ್ನು ಹೊರಗಿಟ್ಟು ತಾಯಿಗಷ್ಟೇ ಕಲಿಸಿದರೆ ಎರಡೇ ದಿನಕ್ಕೆ ‘ಹೋಗ್ಲಿ ಬಿಡೇ, ಮಗು ಅಳ್ತಿದೆ’ ಎಂಬ ಒಂದು ಮಾತಿನಲ್ಲಿ ಕಲಿತದ್ದೆಲ್ಲ ಕರಗುತ್ತದೆ. ಅಜ್ಜಿಯನ್ನೂ ಇಯರ್‌ಫೋನ್ ಹಾಕಿ ಕೂರಿಸಿದರೆ ಕೆಲಸ ಬೇಗ ಆಗುತ್ತದೆ. ಒಂದಕ್ಕಿಂತ ಹೆಚ್ಚು ಕೈಗಳು ಮಗುವನ್ನು ಸಾಕುವುದು ನಮ್ಮಲ್ಲಿ ಸಹಜ ಎಂಬುದನ್ನು ಸೂಸನ್ ಸೀಮೋರ್ ಭುವನೇಶ್ವರದಲ್ಲಿ ಹಲವು ವರ್ಷ ಅಧ್ಯಯನ ಮಾಡಿ 1999ರ ಪುಸ್ತಕದಲ್ಲಿ ವಿವರಿಸಿದ್ದಾರೆ. ಅದನ್ನು ಕೊರತೆಯೆಂದು ನೋಡುವ ಚಿಕಿತ್ಸಕರು ಕೈಗೆ ಸಿಕ್ಕ ಸಹಾಯವನ್ನೇ ಕಳೆದುಕೊಳ್ಳುತ್ತಾರೆ.

ಜಾಗದ ಮಾತೂ ಇದೆ. ಹಟ ಮಾಡಿದ ಮಗುವನ್ನು ಕೆಲ ನಿಮಿಷ ಬೇರೆ ಕುರ್ಚಿಯಲ್ಲಿ ಕೂರಿಸುವುದು ಎರಡನೆಯ ಹಂತದ ಕ್ರಮ. ಚಾಳಿನ ವನ್ ರೂಮ್ ಕಿಚನ್‌ನಲ್ಲಿ ಬೇರೆ ಮೂಲೆ ಎಲ್ಲಿಂದ ಬರಬೇಕು? ಮಗು ಕಿರುಚಿದರೆ ಗೋಡೆಯಾಚೆಯವರು ಬಾಗಿಲು ತಟ್ಟುತ್ತಾರೆ. ತಾಯಿ ಮಣಿಯುವುದು ಎಷ್ಟೋ ಸಲ ಮಗುವಿಗಲ್ಲ, ನೆರೆಯವರಿಗೆ. ಆದ್ದರಿಂದ ನೆರೆಮನೆಯವರಿಗೆ ಮೊದಲೇ ಹೇಳಿಡುವುದನ್ನೂ ಚಿಕಿತ್ಸೆಯ ಯೋಜನೆಯಲ್ಲಿ ಸೇರಿಸಬೇಕು.

ಸೌಲಭ್ಯದ ಮಟ್ಟಿಗೆ ಈ ಪ್ರದೇಶ ತೀರ ಬಡವಲ್ಲ. ಠಾಣೆಯ ಮಾನಸಿಕ ಆಸ್ಪತ್ರೆ 1901ರದು. ಮನೋವೈದ್ಯ ಡಾ. ಆನಂದ ನಾಡಕರ್ಣಿ 1990ರಲ್ಲಿ ಠಾಣೆಯಲ್ಲಿ ಸ್ಥಾಪಿಸಿದ ‘ಐಪಿಎಚ್’ ಸಂಸ್ಥೆ ಚಿಕಿತ್ಸೆಯನ್ನೂ ಜನಶಿಕ್ಷಣವನ್ನೂ ಒಟ್ಟಿಗೆ ನಡೆಸುತ್ತಿದೆ. ನವಿ ಮುಂಬಯಿ ಪಾಲಿಕೆ ವಿಕಲಚೇತನ ಮಕ್ಕಳಿಗಾಗಿ ವಾಶಿಯಲ್ಲಿ ಇಟಿಸಿ ಕೇಂದ್ರವನ್ನು ನಡೆಸುತ್ತದೆ. ಮುಂಬಯಿಯಲ್ಲಿ ಡಾ. ವಿಭಾ ಕೃಷ್ಣಮೂರ್ತಿ 2001ರಲ್ಲಿ ಆರಂಭಿಸಿದ ‘ಉಮ್ಮೀದ್’ ಬೆಳವಣಿಗೆಯ ತೊಂದರೆಯಿರುವ ಮಕ್ಕಳ ಕುಟುಂಬಗಳ ಜೊತೆ ಕೆಲಸ ಮಾಡುತ್ತ ಇತರರಿಗೂ ತರಬೇತಿ ಕೊಡುತ್ತಿದೆ. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆಯ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮಕ್ಕೆ ಫೆಬ್ರವರಿ 2013ರಲ್ಲಿ ಚಾಲನೆ ಸಿಕ್ಕಿದ್ದೂ ಆಗ ಠಾಣೆ ಜಿಲ್ಲೆಯಲ್ಲಿದ್ದ ಪಾಲ್ಘರ್‌ನಲ್ಲಿ.

ಕನ್ನಡ ಕುಟುಂಬಗಳಿಗೆ ಬೇರೆಯದೇ ಒಂದು ನೋವಿದೆ. ಮಾತು ತಡವಾದ ಮಗುವನ್ನು ತೋರಿಸಿದಾಗ ‘ಮನೆಯಲ್ಲಿ ಒಂದೇ ಭಾಷೆ ಆಡಿ, ಶಾಲೆಯ ಭಾಷೆಯನ್ನೇ ಆಡಿ’ ಎಂಬ ಸಲಹೆ ಸಾಮಾನ್ಯ. ಬಿಟ್ಟುಕೊಡುವುದು ಯಾವಾಗಲೂ ಮನೆಮಾತನ್ನೇ. ಆದರೆ ಎರಡು ಭಾಷೆ ಕೇಳುವುದರಿಂದ ಆಟಿಸಂ ಇರುವ ಮಕ್ಕಳ ಮಾತು ಇನ್ನಷ್ಟು ಹಿಂದೆ ಬೀಳುತ್ತದೆ ಎಂಬುದಕ್ಕೆ ಈವರೆಗಿನ ಅಧ್ಯಯನಗಳಲ್ಲಿ ಆಧಾರ ಸಿಕ್ಕಿಲ್ಲ. ಪಾಲಕ–ಮಗು ಚಿಕಿತ್ಸೆ ನಿಂತಿರುವುದೇ ಸಾಕುವವರ ಸಹಜ ಮಾತಿನ ಮೇಲೆ. ಹೊಸದಾಗಿ ಕಲಿತ ಹಿಂದಿಯಲ್ಲೋ ಅರೆಬರೆ ಇಂಗ್ಲಿಷಿನಲ್ಲೋ ಅಜ್ಜಿ ಮಗುವಿನ ಆಟವನ್ನು ವರ್ಣಿಸಲಾರರು, ಹಾಡಿ ನಗಿಸಲಾರರು. ಕನ್ನಡ ಬಲ್ಲ ಚಿಕಿತ್ಸಕರು ಹತ್ತಿರ ಸಿಗದಿದ್ದರೆ ದೂರದಿಂದಲೇ ನೆರವು ಪಡೆಯುವ ದಾರಿ ಈಗಿದೆ. ಮನೆಯ ಆಟವನ್ನು ಫೋನಿನ ವಿಡಿಯೋ ಕರೆಯಲ್ಲಿ ನೋಡುತ್ತ ಹೇಳಿಕೊಡುವ ಪದ್ಧತಿ ಕೋವಿಡ್ ಕಾಲದಲ್ಲಿ ಬಹಳ ಹರಡಿತು. ಅಕ್ಟೋಬರ್ 2022ರಲ್ಲಿ ಆರಂಭವಾದ, ನಿಮ್ಹಾನ್ಸ್ ಮುಂಚೂಣಿಯಲ್ಲಿರುವ ಟೆಲಿ ಮಾನಸ್ ಸಹಾಯವಾಣಿ ಹಲವು ಭಾರತೀಯ ಭಾಷೆಗಳಲ್ಲಿ ಕೆಲಸ ಮಾಡುತ್ತದೆ. ಅದರ 14416 ಸಂಖ್ಯೆಗೆ ವಿಠ್ಠಲವಾಡಿಯಿಂದ ಕರೆ ಮಾಡುವ ತಾಯಿ ಮೊದಲ ಮಾತಿನಲ್ಲೇ ತನಗೆ ಯಾವ ಭಾಷೆ ಬೇಕು ಎಂದು ಕೇಳಿಕೊಳ್ಳಬಹುದು.